ನಜ್ಲಾಳ ಕೂದಲಿಗೆ ಯಾವ ಮೂಸ್

ನವೆಂಬರ್ 12, ಬುಧವಾರ

ಬಾಚಣಿಗೆ ತೊಳೆದಿಟ್ಟೆ. ಟವೆಲ್ ಮಡಚಿದೆ. ಪಾರ್ಲರಿಗೆ ಹೊಸ ಮೂಸ್ ಡಬ್ಬಗಳು ಬಂದಿವೆ—ಕೂದಲು ಎತ್ತಿ ನಿಲ್ಲಿಸುವ ನೊರೆ. ಮುಚ್ಚಳದ ಬಣ್ಣ ಬದಲು. ಮೊದಲು ತೆಳು ಕೂದಲಿನದ್ದು ನೀಲಿ, ದಪ್ಪ ಕೂದಲಿನದ್ದು ಕಪ್ಪು, ಗುಂಗುರಿನದ್ದು ಹಸಿರು. ಈ ಸಲ ಎರಡು ನೀಲಿ. ಒಂದು ತಿಳಿ, ಒಂದು ಗಾಢ. ಮೇಲೆ ಎಲ್ಲ ಇಂಗ್ಲಿಷ್. ನನ್ನ ಓದು ಐದನೇ ಕ್ಲಾಸ್. ಮಗ್ದಲೀನ್ ಮೇಡಂ ಹತ್ತಿರ ಕೇಳಬಹುದಿತ್ತು—ಪಾರ್ಲರ್ ಅವರದ್ದೇ. ಆದರೆ ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಗಿರಾಕಿಗಳ ಎದುರು ಹೇಗೆ ಹೇಳುವುದು? ಕೇಳಲಿಲ್ಲ.

ಹನ್ನೊಂದಕ್ಕೆ ನಜ್ಲಾ ಬಂದಳು. ಈ ತಿಂಗಳು ಇಪ್ಪತ್ತಮೂರಕ್ಕೆ ಅವಳ ಮದುವೆ. ಇಂದು ಕೂದಲಿನ ಟ್ರಯಲ್. ತೆಳು ಕೂದಲು. ಗಾಢ ನೀಲಿಯನ್ನು ಒತ್ತಿದೆ. ಮೊಟ್ಟೆಯಷ್ಟು ನೊರೆ. ಬುಡಕ್ಕೆ ಹಚ್ಚಿ ಡ್ರೈಯರ್ ಹಿಡಿದೆ. ಎದ್ದು ನಿಲ್ಲಬೇಕಿದ್ದ ಕೂದಲು ಅಂಟಿ ಹಗ್ಗದ ಹಾಗಾಯಿತು. ಬಾಚಣಿಗೆ ಸಿಕ್ಕಿಕೊಂಡಿತು. ಎಳೆದೆ.

ಒಂದು ಹಿಡಿ ಬಂತು.

ಹಿಂದೆ, ಕುತ್ತಿಗೆಯಿಂದ ನಾಲ್ಕು ಬೆರಳು ಮೇಲೆ, ಹತ್ತು ರೂಪಾಯಿ ನಾಣ್ಯದಷ್ಟು ಬೋಳು. ನುಣ್ಣಗೆ. ನಜ್ಲಾ ಮೊಬೈಲ್ ನೋಡುತ್ತಿದ್ದಳು. ಬಂದ ಕೂದಲನ್ನು ಏಪ್ರನ್ ಕಿಸೆಗೆ ಹಾಕಿದೆ. ಯಾರೂ ನೋಡಲಿಲ್ಲ... ಅಂದುಕೊಂಡಿದ್ದೇನೆ.

ನವೆಂಬರ್ 13

ಖಾಲಿಯಾದ ಹಳೆ ಕಪ್ಪು ಮುಚ್ಚಳದ ಡಬ್ಬವನ್ನು ಕಸದಿಂದ ತೆಗೆದೆ. ಹೊಸದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಗಾಢ ನೀಲಿ ದಪ್ಪ ಕೂದಲಿನದ್ದು. ಗಟ್ಟಿ ಹಿಡಿಯುವಂಥದ್ದು. ತಪ್ಪು ನನ್ನದೇ.

ಅದನ್ನೇ ನನ್ನ ಕೂದಲಿಗೆ ಹಚ್ಚಿ ಎಳೆದು ನೋಡಿದೆ. ಉದುರಲಿಲ್ಲ. ಆದರೆ ನನ್ನದು ದಪ್ಪ ಕೂದಲು. ಅದರಿಂದ ಏನು ಗೊತ್ತಾಗುತ್ತದೆ?

ನವೆಂಬರ್ 17, ಸೋಮವಾರ

ಬರೆಯಲು ಆಗಿರಲಿಲ್ಲ. ಪಾರ್ಲರಿನ ಫೋನ್ ಹೊಡೆದಾಗಲೆಲ್ಲ ನಜ್ಲಾಳ ಮನೆಯವರಾ ಅಂತ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಇಂದು ಬಂದೇಬಿಟ್ಟರು. ನಜ್ಲಾ, ಜೊತೆಗೆ ಅವಳ ತಾಯಿ ಖೈರುನ್ನಿಸಾ.

“ಎಂತ ಮಾರಾಯ್ತಿ, ಮೊನ್ನೆ ಇವಳನ್ನು ಮಳೆಗೆ ನೆನೆದ ಕೋಳಿಮರಿ ಮಾಡಿ ಕಳಿಸಿದ್ದೀಯಲ್ಲ!” ಅಂತ ತಾಯಿ ನಕ್ಕರು. “ತುರುಬು ಇಷ್ಟು ದೊಡ್ಡ ಬೇಕು. ಮಲ್ಲಿಗೆ ಮುಡಿಸುವುದು ಹುಡುಗನ ತಾಯಿ, ಬೀಫಾತಿಮ್ಮ. ಎಲ್ಲ ಹೆಂಗಸರ ಎದುರು. ಗೊತ್ತುಂಟಲ್ಲ?”

“ಇವಳ ಬಾಯಲ್ಲಿ ಮಾತಿಲ್ಲ, ಅಷ್ಟೇ. ಕೈ ಒಳ್ಳೆದುಂಟು,” ಅಂದರು ಮಗ್ದಲೀನ್ ಮೇಡಂ.

ಮೇಡಂ ಒಳಗೆ ಹೋದರು. ತಾಯಿ ಫೋನ್ ಬಂತೆಂದು ಹೊರಗೆ. ನಜ್ಲಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

“ತಲೆಯ ಹಿಂದೆ ಬೋಳು ನೋಡಿದ್ದೀಯಲ್ಲ?”

ತಲೆಯಾಡಿಸಿದೆ.

“ಎರಡು ತಿಂಗಳಾಯ್ತು. ಉಮ್ಮನಿಗೂ ಗೊತ್ತಿಲ್ಲ,” ಅಂತ ಹೊರಗಿದ್ದ ತಾಯಿಯ ಕಡೆ ಕಣ್ಣು ತೋರಿಸಿದಳು.

ನನ್ನಿಂದ ಅಲ್ಲ! ಅವತ್ತು ಕೈಗೆ ಬಂದದ್ದು ಬೋಳಿನ ಸುತ್ತಲಿನ ಸಡಿಲ ಕೂದಲು. ಅಷ್ಟರಲ್ಲಿ ಅವಳೇ—

“ಮದುವೆಯಲ್ಲಿ ಯಾರಾದ್ರೂ ನೋಡಿದ್ರೆ ನಿನ್ನ ಮೂಸಿನಿಂದ ಆದದ್ದು ಅಂತ ಹೇಳ್ತೇನೆ. ಬೇಜಾರು ಮಾಡ್ಬೇಡ. ನನಗೆ ಬೇರೆ ದಾರಿ ಎಂತ ಉಂಟು?”

ಹೇಳಿದರೆ ಎಲ್ಲರೂ ನಂಬುತ್ತಾರೆ. ತಪ್ಪು ಡಬ್ಬ ಹಚ್ಚಿದ್ದು ನಿಜವೇ. ಈ ಕೆಲಸ ಹೋದರೆ ಐದನೇ ಕ್ಲಾಸಿನವಳನ್ನು ಬೇರೆ ಯಾವ ಪಾರ್ಲರಿನಲ್ಲಿ ಗಿರಾಕಿಯ ತಲೆ ಮುಟ್ಟಲು ಬಿಡುತ್ತಾರೆ?

ನವೆಂಬರ್ 20

ರಜೆ ಕೇಳಿ, ಎರಡೂ ನೀಲಿ ಡಬ್ಬ ತಂದು ಮನೆಯಲ್ಲೇ ಉಳಿದೆ. ಅಜ್ಜಿಯದ್ದೂ ತೆಳು ಕೂದಲು. ಒದ್ದೆ ಮಾಡಿ ಗಟ್ಟಿ ಮೂಸ್ ಹಚ್ಚಿದೆ. ಎಳೆಗಳು ಒಟ್ಟಾಗಿ ನಡುವೆ ತಲೆಯ ಚರ್ಮ ಕಾಣಿಸಿತು. ತೊಳೆದೆ. ತಿಳಿ ನೀಲಿಯ ಹಗುರದ್ದು ಹಚ್ಚಿದೆ. ಚಂದಕ್ಕೆ ಎದ್ದು ನಿಂತಿತು. ನಮ್ಮ ಶಕ್ತಿನಗರದ ಸೆಕೆಗೆ ಅರ್ಧ ಗಂಟೆಯಲ್ಲಿ ಕುಸಿಯಿತು.

“ದಾನೆ ಮಗಾ, ಎಂಕ್ ಮದಿಮೆನಾ?” ಅಂದರು ಅಜ್ಜಿ. ತುಳುವಿನಲ್ಲಿ—ತಮಗೇ ಮದುವೆಯಾ ಅಂತ. ನಗು ಬರಲಿಲ್ಲ.

ಮೂರನೇ ಸಲ—ತಲೆ ಬಗ್ಗಿಸಿ ಬುಡಕ್ಕೆ ಹಗುರದ್ದು. ಪೂರ್ತಿ ಒಣಗಿದ ಮೇಲೆ, ಮೇಲಿನ ಪದರದ ತುದಿಗೆ ಮಾತ್ರ ಗಟ್ಟಿಯದ್ದು, ನೆಲ್ಲಿಕಾಯಿಯಷ್ಟು. ಬಾಚಣಿಗೆ ಮುಟ್ಟಲಿಲ್ಲ. ಬೆರಳಲ್ಲೇ. ಹೂವಿನ ಪಿನ್ ಚುಚ್ಚಿ ತೆಗೆದೆ, ಚುಚ್ಚಿ ತೆಗೆದೆ. ಕೂದಲು ಮೂರು ಗಂಟೆ ಹೊತ್ತು ನಿಂತಿತು.

ಆದರೆ ಅಜ್ಜಿಯ ತಲೆಯಲ್ಲಿ ಬೋಳಿಲ್ಲ.

ನವೆಂಬರ್ 23, ಭಾನುವಾರ. ಬೆಳಿಗ್ಗೆ 10.15

ಪಂಪ್‌ವೆಲ್ ಹತ್ತಿರದ ಹಾಲ್. ಮದುಮಗಳ ಕೋಣೆ. ತುರುಬು ಆಯಿತು. ಬೋಳು ಕಣ್ಣಿಗೆ ಕಾಣುವುದಿಲ್ಲ. ಬೆರಳು ಇಟ್ಟರೆ ಸಿಗುತ್ತದೆ. ಏಸಿ ಸರಿ ಇಲ್ಲ.

ಮಧ್ಯಾಹ್ನ 1.40

ಕೋಣೆಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಏಪ್ರನ್ ಕಿಸೆಯಿಂದ ಪುಸ್ತಕ ತೆಗೆದು ಬರೆಯುತ್ತಿದ್ದೇನೆ.

ಬೀಫಾತಿಮ್ಮ ಮಲ್ಲಿಗೆ ಹಿಡಿದು ಬಂದರು. ಹಿಂದೆ ಹೆಂಗಸರ ಸಾಲು. ಒಂದು ಪಿನ್ ಚುಚ್ಚಿದರು. ಎರಡನೆಯದಕ್ಕೆ ಬೆರಳು ಒಳಗೆ ಹೋಯಿತು. ಬೋಳಿನ ಮೇಲೆ ನಿಂತಿತು. ತುರುಬು ಒಂದು ಬದಿಗೆ ಜಾರಿತು.

“ಇದೆಂತ ಇಲ್ಲಿ?”

ಖೈರುನ್ನಿಸಾ ಬಗ್ಗಿ ನೋಡಿದರು. ನನ್ನ ಕಡೆ ತಿರುಗಿದರು.

“ನನ್ನ ಮಗಳ ತಲೆಗೆ ಎಂತ ಹಚ್ಚಿದ್ದು ನೀನು?”

ನಜ್ಲಾ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾಳೆ. ಈಗ...

“ಅವಳದ್ದು ತಪ್ಪಲ್ಲ, ಉಮ್ಮ. ಮೊದಲೇ ಇತ್ತು. ನಾನೇ ಹೇಳಲಿಲ್ಲ.”

ಬೀಫಾತಿಮ್ಮ ಎಲ್ಲರನ್ನೂ ಹೊರಗೆ ಕಳಿಸಿದರು. ನನ್ನನ್ನೂ. ಒಳಗೆ ಮೂವರೇ ಇದ್ದಾರೆ. ಹತ್ತು ನಿಮಿಷವಾಯಿತು. ಮಾತು ಕೇಳಿಸುತ್ತಿಲ್ಲ. ನನ್ನ ಕೆಲಸ ಉಳಿಯಿತು. ಭಯ ಮಾತ್ರ ಹಾಗೇ ಇದೆ—ಈಗ ಅವಳಿಗಾಗಿ. ಇನ್ನೆರಡು ಪಿನ್ ಹಾಕಿದ್ದರೆ... ಗಟ್ಟಿಯದ್ದು ಸ್ವಲ್ಪ ಹೆಚ್ಚು ಹಚ್ಚಿದ್ದರೆ...

ಚಿಲಕದ ಸದ್ದು. ಬೀಫಾತಿಮ್ಮ. ಮಲ್ಲಿಗೆ ಇನ್ನೂ ಕೈಯಲ್ಲೇ ಇದೆ.

“ಎಂತ ಬರೆಯುವುದು ಅಲ್ಲಿ ಕೂತು? ಬಾ ಬಾ. ತುರುಬು ನಾನು ಹಾಳು ಮಾಡಿದೆ. ಇನ್ನೊಮ್ಮೆ ಕಟ್ಟು. ಪಿನ್ ಎಲ್ಲಿ ಚುಚ್ಚಬೇಕಂತ ಮೊದಲೇ ತೋರಿಸು ನನಗೆ.”

ತೆರೆದ ಬಾಗಿಲಿನಿಂದ ಕಾಣುತ್ತದೆ, ಒಳಗೆ ನಜ್ಲಾ ಅಳುತ್ತಿದ್ದಾಳೆ. ಕೂದಲು ಪೂರ್ತಿ ಬಿಚ್ಚಿದೆ. ಹೊರಗೆ ಜನ ಕಾಯುತ್ತಿದ್ದಾರೆ. ಬುಡಕ್ಕೆ ಹಗುರದ್ದು, ಒಣಗಬೇಕು, ಆಮೇಲೆ—