ತೊಟ್ಟಿಲಮನೆಯ ಕತ್ತಿ

ಭದ್ರಾವತಿ
16 ಫೆಬ್ರವರಿ 2025

ಚಿರಂಜೀವಿ ಪ್ರಸನ್ನಕುಮಾರನಿಗೆ ಅಕ್ಕ ತನುಜಾ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಮಗಳು ಶರಣ್ಯಾ ಮಾತ್ರ ಮಾತು ಕಡಿಮೆ ಮಾಡಿದ್ದಾಳೆ. ಗೋಪಾಳದ ನಿನ್ನ ಹೊಸ ಮನೆಯ ಗೃಹಪ್ರವೇಶ ಮುಗಿಸಿ ಬಂದು ಎರಡು ವಾರವಾದರೂ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ ಅಕ್ಕ" ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ಹೋಳಿಗೆ ಚೆನ್ನಾಗಿತ್ತು. ಆದರೆ ಗೇಟಿನ ಮೇಲಿನ ಆ ಹಿತ್ತಾಳೆ ಲಾಂಛನ ಏನೋ ಮಾರಾಯ? ಎರಡು ಸಿಂಹ, ನಡುವೆ ಗುರಾಣಿ, ಗುರಾಣಿಯ ಮೇಲೆ ಕತ್ತಿ, ಕೆಳಗೆ ನಮ್ಮ ಮನೆತನದ ಹೆಸರು ತೊಟ್ಟಿಲಮನೆ! ನೀನು ಬಂದವರಿಗೆಲ್ಲ ನಮ್ಮ ಹಿರಿಯರು ಕೆಳದಿ ಅರಸರ ದಂಡನಾಯಕರು ಎಂದು ಬೇರೆ ಹೇಳುತ್ತಿದ್ದೆ. ಕೇಳಿದ್ದಕ್ಕೆ, "ಇಂಗ್ಲೆಂಡ್ ಟೂರಲ್ಲಿ ಫ್ಲೆಚರ್ ಅನ್ನೋರ ಹಳೇ ಬಂಗಲೇಲಿ ನೋಡಿದೆ ಅಕ್ಕ. ದೊಡ್ಡ ಮನೆತನ ಅಂದ್ರೆ ಹಿಂಗಿರ್ಬೇಕು" ಎಂದೆ.

ನಾನು ಮನೆಗೆ ಬಂದು ಆ ಹೆಸರಿನ ಮೂಲವನ್ನು ಹುಡುಕಿ ಓದಿದೆ. ಫ್ಲೆಚರ್ ಎಂದರೆ ಬಾಣ ಮಾಡುವವನು. ಆ ಹೆಸರಿನ ಎಷ್ಟೋ ಮನೆತನಗಳ ಲಾಂಛನದಲ್ಲಿ ಇರುವುದೂ ಬಾಣವೇ. ಅವರು ಹಿರಿಯರ ಕಸುಬನ್ನು ಗುರಾಣಿಯ ಮೇಲಿಟ್ಟು ಮೆರೆಸಿದರು. ನೀನು ತೊಟ್ಟಿಲನ್ನು ಅಟ್ಟಕ್ಕೆ ಹಾಕಿ ಯಾರದೋ ಕತ್ತಿ ತಂದೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ನಮ್ಮನೆ ನರಿಗೆ ಹುಲಿಯನ್ನು ಸರಿಯಾಗಿ ನೋಡುವ ವ್ಯವಧಾನವೂ ಇರಲಿಲ್ಲ.

ಮಲವಗೊಪ್ಪದ ಮುತ್ತಜ್ಜಿ ಕಾಶಮ್ಮ ಸೂಲಗಿತ್ತಿ. ಯಾರ ಮನೆಯಲ್ಲಿ ನಾಮಕರಣವಾದರೂ, ಜಾತಿ ಕೇಳದೆ, ಅವಳ ತೊಟ್ಟಿಲು ಹೋಗುತ್ತಿತ್ತು. ಅದಕ್ಕೇ ಊರು ನಮಗೆ ಆ ಹೆಸರಿಟ್ಟಿತು. ಮಠದ ಜಗುಲಿಯ ಮೇಲೆ ಯಾರೋ ಬಿಟ್ಟುಹೋದ ಕೂಸನ್ನು ಅವಳು ಮನೆಗೆ ತಂದು, ಅದೇ ತೊಟ್ಟಿಲಲ್ಲಿ ಮಲಗಿಸಿ, ಷಡಕ್ಷರಪ್ಪ ಎಂದು ಕರೆದಳು. ಅವನೇ ನಮ್ಮಜ್ಜ. "ನಂಗೆ ತೊಟ್ಲೇ ವಂಶ ಕಣ್ರೋ" ಎಂದು ನಗುತ್ತಿದ್ದ. ನೀನೂ ಅವನ ತೊಡೆಯ ಮೇಲೆ ಕೂತು ಕೇಳಿದವನೇ. ಈಗ ದಂಡನಾಯಕ ಎಲ್ಲಿಂದ ಬಂದ?

ಆ ಕತ್ತಿ ತೆಗೆಸಿ ತೊಟ್ಟಿಲು ಕೆತ್ತಿಸು. ಅಲ್ಲಿಯವರೆಗೆ ನಾನು ನಿನ್ನ ಗೇಟು ದಾಟುವುದಿಲ್ಲ. ನಿನ್ನ ಹೆಂಡತಿಗೂ ಮಕ್ಕಳಿಗೂ ಆಶೀರ್ವಾದ. ಅವರು ತಣ್ಣಗಿರಲಿ, ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ಅಕ್ಕ
ತನುಜಾ

ವಿ.ಸೂ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಲಾಂಛನದ ಕೆಳಗೆ ಎಲ್ಲರೂ ಫೋಟೊಗೆ ನಿಂತಾಗ ನೀನು ಶರಣ್ಯಾಳ ಭುಜ ಹಿಡಿದು, "ನೀನು ಆ ಕಡೆ ನಿಂತ್ಕೋ ಪುಟ್ಟಿ, ಇದು ನಮ್ಮ ರಕ್ತದೋರ ಫೋಟೊ" ಎಂದೆ. ಅವಳು ನಾನು ದತ್ತು ತಂದ ಮಗಳೆಂಬ ಕಾರಣಕ್ಕೇ ನೀನು ಅಷ್ಟು ಜನರ ಮುಂದೆ ಹಾಗೆಂದೆ. ಅವಳು ಹೋಗಿ ಚಪ್ಪಲಿಗಳ ಹತ್ತಿರ ನಿಂತಳು. ನಾನೂ ಅವಳ ಪಕ್ಕಕ್ಕೆ ಹೋದದ್ದನ್ನು ನೀನು ಗಮನಿಸಲೇ ಇಲ್ಲ. ಆ ಫೋಟೊವನ್ನು ಇನ್ನೊಮ್ಮೆ ತೆಗೆದು ನೋಡು. ಅದರಲ್ಲಿ ನೀನು ಎದೆಗೆ ಹಿಡಿದು ನಿಂತಿರುವುದು ಅಜ್ಜನ ಪಟ.