ನೋವಿನಲ್ಲಿ ಬಂದ ಹೆಸರು

೧೬೬೮, ಫೆಬ್ರವರಿ ೩, ಬೆಳಿಗ್ಗೆ

ಇವರಿಗೆ ಜೋಳದ ಗಂಜಿ ಬಡಿಸಿದೆ. ಅರ್ಧಕ್ಕೇ ಎದ್ದರು. ಚಳಿಗೆ ಹೊಟ್ಟೆ ಕೆಟ್ಟಿರಬೇಕು.

ಚರ್ಚಿನ ಹಿರಿಯ, ಡೀಕನ್ ಹಸ್ಕಿನ್ಸ್ ಮನೆಗೆಲಸದ ಟಮ್ಸಿನ್‌ಗೆ ಏಳು ತಿಂಗಳು. ಮದುವೆಯಿಲ್ಲ. ಗಂಡಸು ಯಾರೆಂದು ಬಾಯಿ ಬಿಡಳು. ಬಿಡುವುದೇಕೆ? ಒಂದೇ ಸೂರಿನಡಿ ಇರುವ ಗಂಡಸು ಯಾರು? ಚರ್ಚಿನಲ್ಲಿ ಮೊದಲ ಬೆಂಚು, ಉದ್ದುದ್ದ ಪ್ರಾರ್ಥನೆ... ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ! ನಾಲ್ಕು ಹೆಂಗಸರ ಕಿವಿಗೆ ಹಾಕಿದೆ.

ಫೆಬ್ರವರಿ ೨೩, ಪ್ರಾರ್ಥನೆ ಮುಗಿದ ಮೇಲೆ

ಡೀಕನ್ ಹೆಂಡತಿ ಪ್ರುಡೆನ್ಸ್ ಅಡ್ಡ ನಿಂತಳು.

"ಏನಮ್ಮಾ, ನಮ್ಮ ಯಜಮಾನ್ರ ಮಾತು ಊರಲ್ಲೆಲ್ಲ ಬಿತ್ತಿದ್ದು ನೀನಂತೆ?"

"ಬೆಂಕಿ ಇಲ್ದೆ ಹೊಗೆ ಆಡುತ್ತಾ ತಾಯಿ?" ಅಂದೆ. ಮುಖ ಸಪ್ಪಗಾಯಿತು. ಖುಷಿಯಾಯಿತು ನನಗೆ.

ಟಮ್ಸಿನ್‌ಳನ್ನು ಹೊರಹಾಕಿದ್ದಾರೆ. ವಿಧವೆಯೊಬ್ಬಳ ಗುಡಿಸಲಲ್ಲಿದ್ದಾಳೆ. ನಿನ್ನೆ ಇವರು ಅಲ್ಲಿಗೆ ಒಂದು ಹೊರೆ ಸೌದೆ ಕೊಟ್ಟು ಬಂದರು. "ಪಾಪ, ತಬ್ಬಲಿ ಕಣೇ." ಮೃದು ಮನಸ್ಸು ನಮ್ಮವರದು.

ಇರಲಿ. ಹೆರಿಗೆ ನೋವು ತಾರಕಕ್ಕೇರಿದಾಗ ಮಗುವಿನ ಅಪ್ಪ ಯಾರೆಂದು ಸೂಲಗಿತ್ತಿ ಕೇಳಬೇಕು, ಕಾನೂನೇ ಹಾಗೆ. ಆಗ ಬಂದ ಹೆಸರನ್ನೇ ನ್ಯಾಯಾಧೀಶರು ನಂಬುವುದು. ಆ ಗಂಡಸಿಗೆ ಚಾಟಿಯೇಟು, ಚರ್ಚಿನಿಂದ ಬಹಿಷ್ಕಾರ. ಇಲ್ಲಿ ಸೂಲಗಿತ್ತಿ ನಾನೇ. ಕಾಯುತ್ತೇನೆ.

ಏಪ್ರಿಲ್ ೧, ಮಧ್ಯಾಹ್ನ

ಗಂಡು ಮಗು. ಸಾಕ್ಷಿಗೆಂದು ಪ್ರುಡೆನ್ಸ್ ಹಠ ಹಿಡಿದು ಬಂದಿದ್ದಳು. ಬಿಸಿನೀರು ತರಲು ಹೊರಗೆ ಹೋದಳು — ನೋವು ಏರಿದ್ದು ಆಗಲೇ.

"ಯಾರೇ? ದೇವರ ಮುಂದೆ ಹೇಳು."

"ನಿಮ್ಮವ್ರೇ ಕಣಮ್ಮಾ... ತಪ್ಪಾಯ್ತು..."

ನನ್ನ ಗಂಡ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವರು.

ಬೇರಾರಿಗೂ ಕೇಳಿಸಿಲ್ಲ. ಪ್ರುಡೆನ್ಸ್ ಬಾಗಿಲ ಹತ್ತಿರ ಬಂದಿದ್ದಳೇ? ಗೊತ್ತಿಲ್ಲ. ನ್ಯಾಯಾಧೀಶರ ಮುಂದೆ ನಾನು ಡೀಕನ್ ಹೆಸರು ಹೇಳಿಬಿಟ್ಟರೆ? ಊರೆಲ್ಲ ಕಾಯುತ್ತಿರುವುದು ಅದನ್ನೇ.

ಅದೇ ದಿನ, ಸಂಜೆ

ಯಾವ ಹೆಸರು ಎಂದು ಇವರು ಕೇಳಲೇ ಇಲ್ಲ. "ನಿನ್ನ ಬಿಟ್ಟು ಇನ್ಯಾರಿಗೆ ಕೇಳಿಸ್ತು?" ಅಷ್ಟೇ.

ನನ್ನ ಹಾಸಿಗೆ ಅಡುಗೆಮನೆಗೆ ಎಳೆದುಕೊಂಡೆ.

ಏಪ್ರಿಲ್ ೭

ನ್ಯಾಯಾಧೀಶರ ಮುಂದೆ ಆಣೆ ಮಾಡಿದೆ. ಇವರ ಹೆಸರೇ ಹೇಳಿದೆ. ಜನ ಇವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

ಪ್ರುಡೆನ್ಸ್ ಎದ್ದು ನಿಂತಳು. "ಮೊದ್ಲಿಂದ್ಲೂ ಗೊತ್ತಿತ್ತು ನಿಂಗೆ! ಗಂಡನ್ನ ಮುಚ್ಚಿಡೋಕೆ ನಮ್ಮ ಮೇಲೆ ಗೂಬೆ ಕೂರಿಸ್ದೆ."

"ದೇವರಾಣೆ, ಗೊತ್ತಿರ್ಲಿಲ್ಲ."

ಒಬ್ಬರೂ ನಂಬಲಿಲ್ಲ. ಊರವರನ್ನು ದೂರುವುದು ಹೇಗೆ? ಇದು ಬೇರೆಯವರ ಮನೆಯ ಕಥೆಯಾಗಿದ್ದರೆ, ಎಲ್ಲರಿಗಿಂತ ಮೊದಲು ನಂಬದವಳು ನಾನೇ ಆಗಿರುತ್ತಿದ್ದೆ.