ಬಾವಿಗೆ ಐವತ್ತು ಅಡಿ

೫-೩-೧೯೭೯, ಸೋಮವಾರ
ಬೆಳಿಗ್ಗೆ ಹನ್ನೊಂದು ದನಕ್ಕೆ ಸೂಜಿ. ದನದಾಸ್ಪತ್ರೆ ಡಾಕ್ಟರು ರಜೆ, ಕಾಂಪೌಂಡರ್ ನಾನೇ ಡಾಕ್ಟರು. ಮನೆಗೆ ಬಂದರೆ ಅವ್ವನ ಮೊಣಕಾಲು ತರಚಿದೆ—ಬಯಲಿಗೆ ಹೋಗುವಾಗ ಮತ್ತೆ ಬಿದ್ದಳಂತೆ. ಲಕ್ವ ಹೊಡೆದ ಕಾಲು, ಅರ್ಧ ಮೈಲಿ ದಾರಿ. ಸಾಕು. ಹಿತ್ತಲಲ್ಲೇ ಕಕ್ಕಸು ಕಟ್ಟಿಸುತ್ತೇನೆ. ಜನತಾ ಸೈಟು, ಹಕ್ಕುಪತ್ರ ನನ್ನ ಹೆಸರಿಗಿದೆ. ಆದರೂ ನೌಕರಸ್ಥ, ಕ್ರಮವಾಗಿ ಹೋಗೋಣವೆಂದು ಪಂಚಾಯ್ತಿಗೆ ಅರ್ಜಿ ಕೊಟ್ಟೆ.

೧೨-೩
ಉತ್ತರವಿಲ್ಲ. ಗುಂಡಿ ತೋಡಿಸಿದೆ. ಸಂತೇಬೆನ್ನೂರಿನಿಂದ ಸಿಮೆಂಟ್ ರಿಂಗು ಗಾಡಿಯಲ್ಲಿ ಬಂದವು. ಅವ್ವ ಒಂದೊಂದನ್ನೂ ಮುಟ್ಟಿ ನೋಡಿದಳು. ನಕ್ಕಳು ಕೂಡ… ಎಷ್ಟು ದಿನವಾಗಿತ್ತು.

೧೫-೩
ಚೇರ್ಮನ್ ಕೊಟ್ರಬಸಪ್ಪನವರು ಟೇಪು ಹಿಡಿಸಿಕೊಂಡು ಬಂದರು. ಕೈಯಲ್ಲಿ ನನ್ನದೇ ಅರ್ಜಿ. ಕುಡಿಯುವ ನೀರಿನ ಬಾವಿಯಿಂದ ಐವತ್ತು ಅಡಿಯೊಳಗೆ ಗುಂಡಿ ಕೂಡದಂತೆ—ಪಂಚಾಯ್ತಿ ನಿಯಮ. ಹಿತ್ತಲಾಚೆಯ ಬಾವಿಯಿಂದ ಗುಂಡಿಗೆ ಅಳೆದರು. ಮೂವತ್ತೊಂದು. ಸೈಟಿನ ಆಚೆ ಮೂಲೆಗೆ ಹೋದರೂ ನಲವತ್ನಾಲ್ಕು ದಾಟುವುದಿಲ್ಲ.
“ಜಾಗ ನಿಂದೇ ಐತಪ್ಪ, ಯಾರು ಇಲ್ಲ ಅಂದೋರು? ಬಾವಿ ಊರಿಂದು.”
ಅವರ ತಿಪ್ಪೆಗುಂಡಿ ಅದೇ ಬಾವಿಗೆ ಇಪ್ಪತ್ತಡಿ. ಅದಕ್ಕೆ ಯಾರೂ ಅರ್ಜಿ ಕೊಟ್ಟಿಲ್ಲ, ಯಾರೂ ಅಳೆದಿಲ್ಲ. ಅರ್ಜಿ ಕೊಟ್ಟೇ ಕೆಟ್ಟಿರಿ ಎಂದಳು ಹೆಂಡತಿ ಅಂತರಘಟ್ಟಮ್ಮ. ನಿಜ. ಇರಲಾರದೆ ಇರುವೆ ಬಿಟ್ಟುಕೊಂಡೆ.

೨೨-೩
ಪಂಚಾಯ್ತಿ ಮೀಟಿಂಗು. ನಿಯಮ ತಪ್ಪೆನ್ನಲಾರೆ. ನೀರಿಗೆ ಹೊಲಸು ಇಳಿದರೆ ವಾಂತಿಭೇದಿ—ದನದವರಿಗೆ ದಿನಾ ನಾನೇ ಹೇಳುವ ಮಾತು. ಆದರೆ ಆ ಬಾವಿಗೆ ನಮ್ಮ ಕೇರಿಯ ಕೊಡ ಒಮ್ಮೆಯೂ ಇಳಿದಿಲ್ಲ. ಇಳಿಯಗೊಟ್ಟಿಲ್ಲ. ಎದ್ದು ನಿಂತು ಕೇಳಿಯೇಬಿಟ್ಟೆ.
“ಊರ ಬಾವಿ ಅಂತೀರಿ. ಹಂಗಾದ್ರೆ ನಾಳೆಯಿಂದ ನಾವೂ ಸೇದಬೋದೇನ್ರಿ?”
ಮೆಂಬರ್ ಪಂಚಾಕ್ಷರಪ್ಪನವರು ಬೀದಿದೀಪದ ವಿಷಯ ತೆಗೆದರು. ಗುಂಡಿ ಮುಚ್ಚಬೇಕೆಂಬ ಠರಾವಿಗೆ ಪುಸ್ತಕದಲ್ಲಿ ಸಹಿ ಹಾಕಿ ಬಂದೆ.

೩೧-೩
ಗುಂಡಿ ಮುಚ್ಚಿದೆ. ನಾನೇ. ರಿಂಗುಗಳು ಗೋಡೆ ಪಕ್ಕದಲ್ಲಿವೆ. ಒಂದರೊಳಗೆ ಕೋಳಿ ಕಾವಿಗೆ ಕೂತಿದೆ.

೧೯-೪, ಮಧ್ಯಾಹ್ನ
ಕೆಟ್ಟ ಬಿಸಿಲು. ಅವ್ವನ ತುಟಿ ಒಡೆದಿದೆ, ಪಕ್ಕದ ತಂಬಿಗೆ ತುಂಬಿದ ಹಾಗೇ ಇದೆ. ಹದಿನೈದು ದಿನದಿಂದ ಒಪ್ಪೊತ್ತು ಊಟ, ದಿನಕ್ಕೆರಡು ಗುಟುಕು ನೀರಂತೆ. ಅಂತರಘಟ್ಟಮ್ಮ ಈಗ ಹೇಳುತ್ತಾಳೆ! ಒಳಗೇ ಮಡಕೆ ಇಡುತ್ತೇವೆಂದರೆ ಅವ್ವ ಒಪ್ಪಲಿಲ್ಲ, ಸೊಸೆ ಎತ್ತಿ ಚೆಲ್ಲಬೇಕಲ್ಲ ಎಂಬ ನಾಚಿಕೆ. ಕುಡಿಯವ್ವ ಎಂದು ಬೇಡಿಕೊಂಡೆ.
“ಕುಡುದ್ರೆ ಹೋಗಬೇಕಾಗ್ತೈತಲ್ಲೋ ಮಗಾ. ಹೋಗಾಕೆ ಕಾಲೆಲ್ಲೈತೆ?”

೨೩-೪
ಅವ್ವನಿಗೆ ನಿನ್ನೆಯಿಂದ ಉಚ್ಚೆ ಕಟ್ಟಿದೆ. ಮೈ ಕೆಂಡ. ದನವಾಗಿದ್ದರೆ ಏನು ಮಾಡಬೇಕೆಂದು ಗೊತ್ತಿತ್ತು. ಚನ್ನಗಿರಿಗೆ ಕರೆದೊಯ್ಯಲು ಗಾಡಿ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಅಲ್ಲಿಯೇ ತಹಶೀಲ್ದಾರರಿಗೂ ಕೊಡೋಣವೆಂದು… ಮತ್ತೆ ಅರ್ಜಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ—
ಮಾನ್ಯರೇ, ನನ್ನ ತಾಯಿ ಉಡಚಮ್ಮ, ವಯಸ್ಸು ಅರವತ್ತೆಂಟು, ಇವರು